ಸುಮ್ಮನಿದ್ದರೆ ಹೂಂ ಅಂದ ಹಾಗೆ

ನಮ್ಮ ಮನೆಯಲ್ಲಿ ಊಟಕ್ಕೆ ಕೂತವರು ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯದಿದ್ದರೆ ರೊಟ್ಟಿ ಬಿದ್ದೇ ಬೀಳುತ್ತದೆ. ಬೇಕೇ ಎಂದು ಅವ್ವ ಕೇಳುವುದಿಲ್ಲ. ಬೇಡವಾದವರು ಬೇಡ ಎನ್ನಬೇಕು. ಸುಮ್ಮನೆ ಕೂತರೆ ಹೂಂ ಅಂದ ಹಾಗೆ. ವಿಜಯಪುರದ ಕಡೆಯಿಂದ ಪುಣೆಗೆ ಬಂದು ಅವ್ವನ ಕೂದಲು ಬೆಳ್ಳಗಾದರೂ ಈ ಪದ್ಧತಿ ಬದಲಾಗಿಲ್ಲ. ನಿಗಡಿಯ ನಮ್ಮ ಫ್ಲ್ಯಾಟಿಗೆ ಮೊದಲ ಸಲ ಊಟಕ್ಕೆ ಬಂದ ನನ್ನ ಆಫೀಸಿನ ಮೈಸೂರು ಹುಡುಗಿಗೆ ಇದು ಗೊತ್ತಿರಲಿಲ್ಲ. ಸಂಕೋಚದಿಂದ ಸುಮ್ಮನಿದ್ದು, ಆಮೇಲೆ ಸೋಫಾದಿಂದ ಏಳಲಾರದೆ ಒದ್ದಾಡಿದಳು.

ನನ್ನ ಕಸುಬಿನಲ್ಲಿ ಇದಕ್ಕೆ ಡೀಫಾಲ್ಟ್ ಅನ್ನುತ್ತಾರೆ. ನೀವು ಏನೂ ಹೇಳದೆ ಬಿಟ್ಟರೆ ಏನು ನಡೆಯುತ್ತದೋ ಅದೇ ಡೀಫಾಲ್ಟ್. ನಾನು ಪುಣೆಯ ಇನ್ನೊಂದು ತುದಿಯ ಯೆರವಡಾದಲ್ಲಿ ಒಂದು ಸಣ್ಣ ಕಂಪನಿಯಲ್ಲಿ ಪ್ರೋಗ್ರಾಂ ಬರೆಯುವವಳು. ಹುಟ್ಟಾ ಪುಕ್ಕಲಿ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಲಿಫ್ಟಿನಿಂದ ವಾಪಸು ಬರುವವಳು, ಬೀಗ ಹಾಕಿದ ಮೇಲೂ ಬಾಗಿಲನ್ನು ಎಳೆದು ನೋಡಿ, ಇನ್ನೊಮ್ಮೆ ಎಳೆದು ನೋಡುವವಳು. ಇಂಥವಳು ಈ ಕೆಲಸಕ್ಕೆ ಸರಿಯಾದವಳು ಎಂದು ಅಪ್ಪ ಹೇಳುತ್ತಿದ್ದರು. ಇಂಥವಳ ಜೊತೆ ಸಂಸಾರ ಮಾಡುವವನು ಹುಟ್ಟಿಲ್ಲ ಎಂದು ಅವ್ವ. ಇಬ್ಬರ ಮಾತೂ ನಿಜವಾಯಿತು, ಹಾಗಾಗಿ ನಾವು ಮೂವರೇ ಇದ್ದೇವೆ.

ನಮ್ಮ ಕಂಪನಿಯ ಪ್ರೋಗ್ರಾಂ ರಕ್ತ ಪರೀಕ್ಷೆಯ ಲ್ಯಾಬುಗಳಿಗೂ ಡಾಕ್ಟರುಗಳಿಗೂ ನಡುವೆ ಓಡಾಡುತ್ತದೆ. ಲ್ಯಾಬಿನಲ್ಲಿ ರಕ್ತ ತೆಗೆಯುತ್ತಾರೆ, ಯಂತ್ರ ಒಂದು ನಂಬರ್ ಹೇಳುತ್ತದೆ, ಅದು ಆ ಶಾಖೆಯ ಕಂಪ್ಯೂಟರಿನಲ್ಲಿ ಕೂರುತ್ತದೆ. ಡಾಕ್ಟರ ಕಡೆಯಿಂದ ನಮ್ಮ ಪ್ರೋಗ್ರಾಂ ಹೋಗಿ, ಇಂಥವರ ರಿಪೋರ್ಟ್ ಕೊಡು ಎಂದು ಕೇಳುತ್ತದೆ. ಬಂದ ಉತ್ತರ ಡಾಕ್ಟರ ಪರದೆಯ ಮೇಲೂ ರೋಗಿಯ ಮೊಬೈಲಿನಲ್ಲೂ ಮೂಡುತ್ತದೆ. ಕಾಗದದ ಕಾಟವಿಲ್ಲ ಎಂದು ಎಲ್ಲರಿಗೂ ಖುಷಿ.

ಅಪ್ಪನಿಗಂತೂ ಹೆಮ್ಮೆ. ಅವರು ದೇಹೂ ರೋಡಿನ ಸೈನ್ಯದ ಡಿಪೋದಲ್ಲಿ ಸ್ಟೋರ್ ನೋಡಿಕೊಂಡು ನಿವೃತ್ತರಾದವರು. ಹೋದ ವರ್ಷ ಅವರ ಎದೆಬಡಿತ ತಾಳ ತಪ್ಪಿತು. ರಕ್ತ ಹೆಪ್ಪುಗಟ್ಟದಿರಲಿ ಎಂದು ಡಾಕ್ಟರು ರಕ್ತ ತೆಳುವಾಗಿಸುವ ಗುಳಿಗೆ ಕೊಟ್ಟರು. ಈ ಗುಳಿಗೆ ಕತ್ತಿಯ ಅಂಚಿನ ವ್ಯವಹಾರ. ಕಡಿಮೆಯಾದರೆ ಪಾರ್ಶ್ವವಾಯು, ಹೆಚ್ಚಾದರೆ ಒಳಗೊಳಗೇ ರಕ್ತಸ್ರಾವ. ಅದಕ್ಕೆ ಆಗಾಗ ಪರೀಕ್ಷೆ ಮಾಡಿಸಬೇಕು, ನಂಬರ್ ಎರಡಕ್ಕೂ ಮೂರಕ್ಕೂ ನಡುವೆ ಇರಬೇಕು. ನಂಬರ್ ನೋಡಿ ಡಾಕ್ಟರು, ಇವತ್ತು ಅರ್ಧ ತಗೊಳ್ಳಿ, ಇವತ್ತು ಪೂರ್ತಿ ತಗೊಳ್ಳಿ ಎನ್ನುತ್ತಾರೆ. ನಿಗಡಿಯ ಲ್ಯಾಬು, ನಿಗಡಿಯ ಡಾಕ್ಟರು, ಇಬ್ಬರೂ ನಮ್ಮ ಪ್ರೋಗ್ರಾಮಿನವರೇ.

"ನನ್ನ ರಕ್ತ ಮಗಳ ಕಂಪ್ಯೂಟರಿನ್ಯಾಗಿಂದ ಹಾದು ಹೋಗ್ತದ ನೋಡ್ರಿ," ಎಂದು ಅಪ್ಪ ವಾಕಿಂಗಿಗೆ ಬರುವವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಆ ಮಾತು ಬಂದಾಗಲೆಲ್ಲ ನಾನು ಮಾತನ್ನು ಬೇರೆ ಕಡೆ ತಿರುಗಿಸುತ್ತಿದ್ದೆ. ಆ ಕಂಪ್ಯೂಟರಿನ ಒಳಗು ಹೇಗಿದೆ ಎಂದು ನನಗೆ ಗೊತ್ತಿತ್ತಲ್ಲ.

ಹೇಗಿತ್ತೆಂದರೆ, ಒಂದು ಕಂಪ್ಯೂಟರ್ ಇನ್ನೊಂದನ್ನು ಏನಾದರೂ ಕೇಳಿದಾಗ ಆ ಕಡೆಯದು ಮೊದಲು ತನ್ನ ಗುರುತಿನ ಪತ್ರ ತೋರಿಸುತ್ತದೆ. ಸರ್ಟಿಫಿಕೇಟ್ ಅನ್ನುತ್ತೇವೆ. ಅದರ ಮೇಲೆ ಹೆಸರು, ಅವಧಿ, ಕೊಟ್ಟವರ ಸಹಿ ಎಲ್ಲ ಇರುತ್ತದೆ. ಈ ಕೇಳುವ-ಹೇಳುವ ವ್ಯವಹಾರವನ್ನು ನಾವು ಕೂತು ಬರೆಯುವುದಿಲ್ಲ; ಪ್ರೋಗ್ರಾಂ ಬರೆಯುವ ಭಾಷೆಯ ಜೊತೆಗೇ ಬರುವ ಸ್ಟ್ಯಾಂಡರ್ಡ್ ಲೈಬ್ರರಿ ಅದನ್ನು ಮಾಡಿಕೊಡುತ್ತದೆ, ಮಿಕ್ಸರ್ ಕೊಂಡರೆ ಜೊತೆಗೇ ಜಾರು ಬರುವ ಹಾಗೆ. ನಾವು ಬಳಸುತ್ತಿದ್ದ ಭಾಷೆಯ ಹಳೆಯ ಆವೃತ್ತಿ ಆ ಪತ್ರವನ್ನು ಇಸಿದುಕೊಂಡು, ಓದದೆ ಬದಿಗಿಡುತ್ತಿತ್ತು. ಓದು ಎಂದು ನಾವು ಬಾಯಿಬಿಟ್ಟು ಹೇಳಬೇಕಿತ್ತು. ನಮ್ಮ ಪ್ರೋಗ್ರಾಮನ್ನು ಮೊದಲು ಬರೆದು ಬಿಟ್ಟುಹೋದವರು ಹೇಳಿರಲಿಲ್ಲ. ಅವರನ್ನೂ ಬೈಯುವಂತಿಲ್ಲ, ಹೇಳಬೇಕೆಂದು ಅವರಿಗೂ ಯಾರೂ ಹೇಳಿರಲಿಲ್ಲ. ಮೌನಂ ಸಮ್ಮತಿ ಲಕ್ಷಣಂ. ಯಾರು ಬಂದು ನಾನೇ ಲ್ಯಾಬು ಎಂದರೂ ನಮ್ಮ ಪ್ರೋಗ್ರಾಂ, ಬರ್ರಿ ಕೂಡ್ರಿ ಎನ್ನುತ್ತಿತ್ತು.

ಹೊಸ ಆವೃತ್ತಿ ಇದಕ್ಕೆ ತಿರುಗಾಮುರುಗಾ. ನೀವು ಸುಮ್ಮನಿದ್ದರೆ ಅದು ಪತ್ರ ಓದುತ್ತದೆ, ಹೆಸರು ತಾಳೆ ನೋಡುತ್ತದೆ, ತಾಳೆಯಾಗದಿದ್ದರೆ ಮುಂದೆ ಮಾತೇ ಆಡುವುದಿಲ್ಲ. ಓದಬೇಡ ಎನ್ನುವುದಾದರೆ ನೀವೇ ಬರೆದು ಹೇಳಬೇಕು. ಜಗತ್ತೆಲ್ಲ ಆ ಆವೃತ್ತಿಗೆ ಹೋಗಿ ಎಷ್ಟೋ ವರ್ಷವಾಗಿತ್ತು. ನಾವು ಮಾತ್ರ ಹಳೆಯದನ್ನೇ ತಬ್ಬಿಕೊಂಡು ಕೂತಿದ್ದೆವು. ನಾನು ಕಂಪನಿ ನಡೆಸುವ ಸರ್ ಹತ್ತಿರ ಹೋಗಿ ಹೇಳಿದಾಗಲೆಲ್ಲ ಅವರದು ಒಂದೇ ಮಾತು: ನಡೆಯುತ್ತಿರುವುದನ್ನು ಯಾಕೆ ಮುಟ್ಟಬೇಕು? ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅನ್ನುತ್ತಾರಲ್ಲ, ಹಾಗೆ. ಒದೆಯಲಿಲ್ಲ, ಚಹಾ ಕುಡಿಸಿ ಕಳಿಸಿದರು.

ಗಣಪತಿ ಹಬ್ಬ ಮುಗಿದ ಮೇಲೆ ಒಂದು ಮುಂಜಾನೆ ಅಪ್ಪ ಪೇಪರಿಗೆ ಕೈ ಚಾಚಿದಾಗ ಅಂಗಿಯ ತೋಳು ಹಿಂದೆ ಸರಿಯಿತು. ಮೊಣಕೈ ಕೆಳಗೆ ನೇರಳೆ ಹಣ್ಣಿನ ಬಣ್ಣದ ಕಲೆ, ನನ್ನ ಅಂಗೈ ಅಗಲ.

"ಎಲ್ಲಿ ಬಡಸ್ಕೊಂಡ್ರಿ, ಅಪ್ಪಾ?"

"ಬಸ್ಸಿನ ಕಂಬಿಗೆ ತಾಗಿರಬೇಕವಾ. ವಯಸ್ಸಾದ ಮ್ಯಾಲ ತ್ವಗಲು ಹಿಂಗ."

ತೋಳು ಕೆಳಗಿಳಿಸಿ ಪೇಪರ್ ಓದತೊಡಗಿದರು. ಅವ್ವ ಅಡುಗೆಮನೆಯಿಂದಲೇ, ಹಲ್ಲುಜ್ಜುವಾಗ ಬಚ್ಚಲಲ್ಲಿ ರಕ್ತ ಕಾಣುತ್ತದೆ ಎಂದು ಹೇಳಿದಳು. "ಹಲ್ಲು ಹಳೇವಾಗ್ಯಾವ, ಮತ್ತೇನು," ಎಂದು ತಾನೇ ಉತ್ತರವನ್ನೂ ಹೇಳಿಕೊಂಡಳು. ನಾನು ಮೊಬೈಲ್ ತೆಗೆದು ಅಪ್ಪನ ಕೊನೆಯ ರಿಪೋರ್ಟ್ ನೋಡಿದೆ. ಎರಡು ಪಾಯಿಂಟ್ ನಾಲ್ಕು. ಡಾಕ್ಟರಿಗೆ ಫೋನ್ ಮಾಡಿದೆ. ಅವರೂ ಪರದೆ ನೋಡಿ, ನಂಬರ್ ಚೆನ್ನಾಗಿದೆಯಲ್ಲ, ಅದೇ ಪ್ರಮಾಣ ಮುಂದುವರಿಸಿ ಎಂದರು.

ಮುಂದಿನ ಪರೀಕ್ಷೆಯಲ್ಲಿ ಎರಡು ಪಾಯಿಂಟ್ ಐದು. ಬೆನ್ನು ತಿಕ್ಕುವಾಗ ಅವ್ವನಿಗೆ ಇನ್ನೊಂದು ಕಲೆ ಕಂಡಿತಂತೆ. ನನಗೆ ಮನಸ್ಸು ತಡೆಯಲಿಲ್ಲ, ಮತ್ತೆ ಕೇಳಿದೆ. "ನಂಬರ್ ಛೊಲೊ ಬಂದದ ಅಂತ ನೀನೇ ಅಂದಿ," ಎಂದು ಅಪ್ಪ ನಕ್ಕರು. ಹೌದಲ್ಲ ಅನ್ನಿಸಿತು. ಗ್ಯಾಸಿನ ಗುಂಡಿಯನ್ನೂ ನಂಬದ ನಾನು ಆ ನಂಬರನ್ನು ನಂಬಿದೆ. ಹೆದರಿ ಹೆದರಿ ಸಾಕಾಗಿತ್ತು, ಯಾರಾದರೂ ಎಲ್ಲ ಸರಿಯಾಗಿದೆ ಅಂದರೆ ಸಾಕು ಎನ್ನುವಂತಾಗಿತ್ತು.

ಅಂತೂ ಇಂತೂ ಆಫೀಸಿನಲ್ಲಿ ಹೊಸ ಆವೃತ್ತಿಗೆ ಹೋಗುವ ದಿನ ಬಂತು. ನನ್ನ ಮಾತಿಗಲ್ಲ, ಒಬ್ಬ ದೊಡ್ಡ ಗಿರಾಕಿ ಹಳೆಯದಿದ್ದರೆ ನಮಗೆ ಬೇಡ ಎಂದು ಹಟ ಹಿಡಿದದ್ದಕ್ಕೆ. ಲ್ಯಾಬಿನ ಯಾವ ಶಾಖೆಯಿಂದ ಶುರು ಮಾಡೋಣ ಎಂದಾಗ ನಾನೇ ನಿಗಡಿ ಎಂದೆ. ಸಣ್ಣ ಶಾಖೆ, ಏನಾದರೂ ಎಡವಟ್ಟಾದರೆ ನಮ್ಮ ಮನೆಯ ಹತ್ತಿರ. ಅವತ್ತೇ ಬೆಳಿಗ್ಗೆ ಅಪ್ಪನ ಪರೀಕ್ಷೆಯೂ ಇತ್ತು. ರಕ್ತ ಕೊಟ್ಟು ಬಂದು, ನಿನ್ನ ಹೊಸಾ ಮಶೀನಿಗೆ ನನ್ನಿಂದನ ಬೋಣಿ ಆಗಲಿ ಎಂದು ನನ್ನನ್ನು ಕಳಿಸಿಕೊಟ್ಟಿದ್ದರು.

ಬೋಣಿಯೇನೋ ಆಯಿತು. ಮಧ್ಯಾಹ್ನ ಹೊಸದನ್ನು ಚಾಲೂ ಮಾಡಿದ್ದೇ ನಿಗಡಿಯಿಂದ ಒಂದು ರಿಪೋರ್ಟೂ ಬರಲಿಲ್ಲ. ಪರದೆಯ ತುಂಬ ಒಂದೇ ಕೆಂಪು ಸಾಲು, ಮತ್ತೆ ಮತ್ತೆ: ಸರ್ಟಿಫಿಕೇಟಿನ ಹೆಸರು ಹೊಂದುತ್ತಿಲ್ಲ. ಸ್ವಲ್ಪ ಹೊತ್ತಿಗೆ ಫೋನುಗಳು ಶುರುವಾದವು. ಡಾಕ್ಟರುಗಳು, ಕಾಂಪೌಂಡರುಗಳು, ರಿಪೋರ್ಟಿಗಾಗಿ ಕಾದು ಕೂತ ರೋಗಿಗಳ ಮಕ್ಕಳು.

ಪಕ್ಕದ ಕುರ್ಚಿಯ ಮೈಸೂರು ಹುಡುಗಿ ತನ್ನ ಪರದೆ ಬಿಟ್ಟು ನನ್ನ ಕಡೆ ವಾಲಿದಳು. "ಅಕ್ಕಾ, ಒಂದೇ ಲೈನು ಅಲ್ವಾ? ವೆರಿಫೈ ಫಾಲ್ಸ್ ಅಂತ ಹಾಕ್ಬಿಡಿ. ಎಲ್ರೂ ಅದನ್ನೇ ಮಾಡೋದು. ನಾಳೆ ಆರಾಮಾಗಿ ನೋಡೋಣ."

ಓದಬೇಡ ಎಂದು ಬರೆದು ಹೇಳುವ ಸಾಲು ಅದು. ಅಷ್ಟರಲ್ಲಿ ಸರ್ ಬಂದರು. ಮರಾಠಿಯವರು, ಒಳ್ಳೆಯವರೇ, ಸಿಟ್ಟು ಬಂದರೆ ದನಿ ಇಳಿಸುವವರು. "ಆಧೀ ಚಾಲೂ ಕರಾ, ಮಗ್ ಬಘೂ," ಎಂದು ಬಹಳ ಮೆಲ್ಲಗೆ ಹೇಳಿದರು. ಮೊದಲು ಚಾಲೂ ಮಾಡಿ, ಆಮೇಲೆ ನೋಡೋಣ. ನಮ್ಮ ಕಂಪನಿಯಲ್ಲಿ ಆ ಆಮೇಲೆ ಎನ್ನುವುದು ಬಂದದ್ದನ್ನು ನಾನಂತೂ ನೋಡಿಲ್ಲ.

ಸತ್ಯ ಹೇಳಬೇಕೆಂದರೆ ಅವರಿಗಿಂತ ನನಗೇ ಅವಸರವಿತ್ತು. ಅಪ್ಪ ಸಂಜೆಯ ಚಹಾದ ಜೊತೆ ಗುಳಿಗೆ ತೆಗೆದುಕೊಳ್ಳುತ್ತಾರೆ. ಅದಕ್ಕೆ ಮುಂಚೆ ಡಾಕ್ಟರು ನಂಬರ್ ನೋಡಿ ಎಷ್ಟು ಎಂದು ಹೇಳಬೇಕು. ನಾನು ಹಟ ಮಾಡಿ ಕೂತರೆ ನಮ್ಮಪ್ಪನ ನಂಬರೇ ಬರುವುದಿಲ್ಲ. ಆ ಸಾಲನ್ನು ಬರೆದೂ ಬಿಟ್ಟೆ. ಎಂಟರ್ ಒತ್ತಬೇಕು, ಅಷ್ಟೆ.

ಬೀಗವನ್ನು ಎರಡು ಸಲ ಎಳೆದು ನೋಡುವ ಹಾಳು ಚಾಳಿ ನನ್ನ ಕೈ ಹಿಡಿಯಿತು. ಹೆಸರು ಹೊಂದುತ್ತಿಲ್ಲ ಅಂತ ಅದು ಬಡಕೊಳ್ಳುತ್ತಿದೆಯಲ್ಲ, ಹಾಗಾದರೆ ಬಂದಿರುವ ಹೆಸರು ಯಾವುದು?

"ಒಂದು ನಿಮಿಷ ತಡಿ," ಎಂದೆ ಹುಡುಗಿಗೆ. "ಯಾರ ಹೆಸರು ಬಂದದ ನೋಡೂಣು."

ಪತ್ರ ತೆರೆದು ಓದಿದೆವು. ಅವಳು ನನಗಿಂತ ಮೊದಲು ಓದಿ ಮುಗಿಸಿರಬೇಕು, ಹೆಸರಿನ ಮೇಲೆ ಬೆರಳಿಟ್ಟಳು.

"ಅಕ್ಕಾ, ಇದು ನಮ್ಮ ಡೆಮೊ ಮಶೀನ್ ಅಲ್ವಾ?"

ಡೆಮೊ ಮಶೀನು ಅಂದರೆ ನಮ್ಮ ಮಾರಾಟದವರ ಮುದ್ದಿನ ಕೂಸು. ಹೊಸ ಡಾಕ್ಟರುಗಳಿಗೆ ಪ್ರೋಗ್ರಾಂ ತೋರಿಸಲು ಇಟ್ಟ ಕಂಪ್ಯೂಟರು. ಅದರಲ್ಲಿ ನಿಜವಾದ ರಿಪೋರ್ಟು ಒಂದೂ ಇಲ್ಲ. ಯಾವ ರೋಗಿಯ ಹೆಸರು ಕೇಳಿದರೂ ಅದೇ ಹೆಸರು ಹಾಕಿ ಒಂದು ರಿಪೋರ್ಟ್ ಹುಟ್ಟಿಸಿ ಕೊಡುತ್ತದೆ. ಮೊದಲು ಬಾಯಿಗೆ ಬಂದ ನಂಬರ್ ಕೊಡುತ್ತಿತ್ತು. ಪರದೆಯ ಮೇಲೆ ಕೆಂಪು ಕಂಡರೆ ಗಿರಾಕಿಗಳ ಮೂಡ್ ಕೆಡುತ್ತದೆ ಎಂದು ಮಾರಾಟದವರು ಹಟ ಹಿಡಿದು, ಎಲ್ಲ ನಂಬರೂ ಒಳ್ಳೆಯದೇ ಬರುವ ಹಾಗೆ ಮಾಡಿಸಿಕೊಂಡಿದ್ದರು. ಒಂದೇ ಥರ ಕಾಣದಿರಲಿ ಎಂದು ಚೂರು ಹೆಚ್ಚು, ಚೂರು ಕಡಿಮೆ. ಅಲ್ಲಿ ಎಲ್ಲರೂ ಆರೋಗ್ಯವಂತರು.

ಹಬ್ಬಕ್ಕೆ ಮುಂಚೆ ಯಾರೋ ಡಾಕ್ಟರುಗಳಿಗೆ ಪ್ರದರ್ಶನ ಕೊಡಲು ನಿಗಡಿ ಶಾಖೆಯ ಹೆಸರನ್ನು ಆ ಮಶೀನಿಗೆ ತಿರುಗಿಸಿದ್ದರು, ಅಂದರೆ ನಿಗಡಿಯ ಲ್ಯಾಬನ್ನು ಕೇಳಿದರೆ ಈ ಮಶೀನೇ ಉತ್ತರ ಕೊಡುವ ಹಾಗೆ. ಪ್ರದರ್ಶನ ಮುಗಿಯಿತು, ಆಫೀಸಿನಲ್ಲಿ ಆರತಿ, ಮೋದಕ, ಢೋಲು ಶುರುವಾಯಿತು, ವಾಪಸು ತಿರುಗಿಸುವುದು ಮರೆತುಹೋಯಿತು. ಡೆಮೊ ಮಶೀನು ಪ್ರತಿ ಸಲವೂ ತನ್ನ ನಿಜವಾದ ಹೆಸರಿನ ಪತ್ರವನ್ನೇ ಪ್ರಾಮಾಣಿಕವಾಗಿ ಚಾಚುತ್ತಿತ್ತು. ಓದುವವರು ಇರಲಿಲ್ಲ.

ಎರಡು ಪಾಯಿಂಟ್ ನಾಲ್ಕು. ಎರಡು ಪಾಯಿಂಟ್ ಐದು. ಬಸ್ಸಿನ ಕಂಬಿ. ಬಚ್ಚಲಿನ ರಕ್ತ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಊರಿಗೆಲ್ಲ ಹೇಳುವವಳು ನಾನು, ನಮ್ಮಪ್ಪನಿಗೆ ಸುಣ್ಣದ ನೀರು ಕುಡಿಸುತ್ತಿದ್ದರೂ ಗೊತ್ತಾಗಲಿಲ್ಲವಲ್ಲ. ಬರೆದ ಸಾಲನ್ನು ಅಳಿಸಿ ಮನೆಗೆ ಫೋನ್ ಮಾಡಿದೆ.

"ಅವ್ವಾ, ಅಪ್ಪ ಗುಳಿಗಿ ತಗೊಂಡಾರೇನು?"

"ಚಾ ಕುದಿಲಿಕತ್ತದ. ಇನ್ನ ತಗೋತಾರ. ನಿನ್ನ ದನಿ ಯಾಕ ಹಿಂಗ ಅದ?"

"ಕೊಡಬ್ಯಾಡ. ಡಬ್ಬಿ ತಗದು ನಿನ್ನ ಕಡೆ ಇಟ್ಕೊ."

ಅಪ್ಪ ಫೋನ್ ತೆಗೆದುಕೊಂಡರು. "ಡಾಕ್ಟರ್ ಏನಂದ್ರು?"

"ಡಾಕ್ಟರ್ ಇನ್ನ ಏನೂ ಅಂದಿಲ್ರಿ. ನಾ ಅನ್ನಾಕತ್ತೀನಿ. ತಗೋಬ್ಯಾಡ್ರಿ. ತಲಿಗಿಲಿ ನೋಯ್ತದೇನು?"

"ಮುಂಜಾನಿಯಿಂದ ಸ್ವಲ್ಪ ಭಾರ ಅದ," ಎಂದರು. "ಅಷ್ಟೇನಿಲ್ಲ."

ಲ್ಯಾಬಿಗೆ ಫೋನ್ ಹಚ್ಚಿದೆ. ರಕ್ತ ತೆಗೆಯುವ ಹೆಂಗಸಿಗೆ, ಕಂಪ್ಯೂಟರಿನದು ಬೇಡ, ಯಂತ್ರದ ಮೇಲೆಯೇ ನೋಡಿ ಹೇಳಿ ಎಂದು ಬೇಡಿಕೊಂಡೆ. ಅವರು ಹೋಗಿ ನೋಡಿ ಬಂದು, ಏಳರ ಮೇಲಿದೆ, ನಾವು ಬೆಳಿಗ್ಗೆಯೇ ಹಾಕಿದ್ದೆವಲ್ಲ, ಡಾಕ್ಟರು ಇನ್ನೂ ಫೋನ್ ಮಾಡಿಲ್ಲವೇ ಎಂದು ನನ್ನನ್ನೇ ಕೇಳಿದರು. ಅವರ ಕೆಲಸ ಅವರು ಸರಿಯಾಗಿಯೇ ಮಾಡಿದ್ದರು.

ಡಾಕ್ಟರಿಗೆ ತಿಳಿಸಿದೆ. ಅವರು ಒಂದು ಮಾತೂ ಹೆಚ್ಚಿಗೆ ಆಡದೆ, ಕೂಡಲೇ ಆಸ್ಪತ್ರೆಗೆ ಕರೆತನ್ನಿ, ಎಲ್ಲೂ ಬೀಳದಂತೆ ನೋಡಿಕೊಳ್ಳಿ ಎಂದರು. ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದು ಅವ್ವನಿಗೆ ಹೇಳಿ ನಾನು ಚೀಲ ಎತ್ತಿಕೊಂಡು ಹೊರಟಾಗ ಸರ್ ನನ್ನ ಕುರ್ಚಿಯಲ್ಲಿ ಕೂತು, ನಿಗಡಿಯ ಡಾಕ್ಟರುಗಳಿಗೆ ತಾವೇ ಒಬ್ಬೊಬ್ಬರಿಗೆ ಫೋನ್ ಮಾಡುತ್ತಿದ್ದರು. ಹಬ್ಬಕ್ಕೆ ಮುಂಚಿನಿಂದ ಬಂದ ಯಾವ ನಂಬರನ್ನೂ ನಂಬಬೇಡಿ, ತಪ್ಪು ನಮ್ಮದು, ಎಂದು. ಅವರ ದನಿ ಆಗಲೂ ಮೆಲ್ಲಗೇ ಇತ್ತು. ಮೈಸೂರು ಹುಡುಗಿ ನನ್ನ ಜೊತೆ ಕೆಳಗಿನವರೆಗೆ ಓಡಿ ಬಂದು ರಿಕ್ಷಾ ಹಿಡಿಸಿದಳು. "ಅಕ್ಕಾ, ನಾನೇ ಹಾಕ್ಬಿಡಿ ಅಂದೆ," ಎಂದು ಅಳುತ್ತಿದ್ದಳು. ಅವಳನ್ನು ಸಮಾಧಾನ ಮಾಡುವಷ್ಟು ಜೀವ ನನ್ನಲ್ಲಿರಲಿಲ್ಲ.

ಯೆರವಡಾದಿಂದ ನಿಗಡಿಗೆ ಸಂಜೆಯ ಹೊತ್ತು ಹೋಗುವುದೆಂದರೆ ಶತ್ರುವಿಗೂ ಬೇಡ. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಅಪ್ಪ ಲಿಫ್ಟಿನ ಹತ್ತಿರ ಎಡವಿದಂತೆ, ಆಸ್ಪತ್ರೆಯ ಮೆಟ್ಟಿಲಿಗೆ ತಲೆ ತಾಗಿದಂತೆ ಕಣ್ಣಿಗೆ ಕಟ್ಟುತ್ತಿತ್ತು. ಒಂದೇ ಸಮನೆ ಅವ್ವನಿಗೆ ಫೋನ್ ಮಾಡಿದೆ. ಕೊನೆಗೆ ಅವಳೇ ಬೈದಳು: "ನೀ ಫೋನ್ ಇಟ್ರ ನಾ ಅವರ ಕೈ ಹಿಡೀತೀನಿ."

ಅಪ್ಪ ಆಸ್ಪತ್ರೆಯ ಮಂಚದ ಮೇಲೆ ಅಂಗಿ ಬಿಚ್ಚಿ ಕೂತಿದ್ದರು. ತಲೆಯ ಸ್ಕ್ಯಾನ್ ಆಗಿತ್ತು, ಒಳಗೆ ಏನೂ ಆಗಿರಲಿಲ್ಲ. ರಕ್ತವನ್ನು ಹದಕ್ಕೆ ತರುವ ಸೂಜಿಮದ್ದು ಹೋಗುತ್ತಿತ್ತು. ಮೊಣಕಾಲು ನೋವಿಗೆಂದು ಔಷಧಿ ಅಂಗಡಿಯಿಂದ ತಾವಾಗಿಯೇ ತಂದು ನುಂಗುತ್ತಿದ್ದ ಗುಳಿಗೆಯಿಂದ ನಂಬರ್ ಹೀಗೆ ಏರಿರಬೇಕು ಎಂದು ಡಾಕ್ಟರು ಹೇಳಿದರು. ಇನ್ನೊಂದು ಗುಳಿಗೆ ಹೊಟ್ಟೆಗೆ ಹೋಗಿದ್ದರೆ ಏನಾಗುತ್ತಿತ್ತೋ ಹೇಳಲಾಗದು ಎಂದೂ ಹೇಳಿದರು. ನಾನು ಅದನ್ನು ಕೇಳಬಾರದಿತ್ತು. ಅಂಗಿಯಿಲ್ಲದ ಅಪ್ಪನ ಮೈಯನ್ನು ಅಂದು ನೋಡಿದೆ. ಬೆನ್ನು, ಪಕ್ಕೆ, ತೋಳು, ಎಲ್ಲೆಲ್ಲೂ ನೀಲಿ, ಹಳದಿ, ನೇರಳೆ.

ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. "ಇಷ್ಟೆಲ್ಲ ಆಗೇದ, ಒಂದ ಮಾತು ಯಾಕ ಹೇಳಲಿಲ್ರಿ?"

ಅಪ್ಪ ನನ್ನ ಮುಖ ನೋಡಿದರು. ಅವರ ದನಿಯಲ್ಲಿ ದೂರು ಇರಲಿಲ್ಲ, ಅದೇ ನನ್ನನ್ನು ಕೊಂದದ್ದು.

"ನಿನ್ನ ಕಂಪ್ಯೂಟರ್ ಎಲ್ಲಾ ಛೊಲೊ ಅದ ಅಂದ ಮ್ಯಾಲ, ನನ್ನ ತ್ವಗಲಿನ ಮಾತು ಏನು ಹೇಳೂದವಾ?"

ನಾನು ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತು ಅತ್ತೆ. ಅವ್ವ ಬಂದು ಪಕ್ಕದಲ್ಲಿ ಕೂತಳು.

ದೇವರು ದೊಡ್ಡವನು, ಉಳಿದ ಡಾಕ್ಟರುಗಳ ರೋಗಿಗಳಲ್ಲಿ ಯಾರಿಗೂ ಜೀವಕ್ಕೆ ಬರುವಂಥದ್ದು ಆಗಲಿಲ್ಲ. ಸಕ್ಕರೆ ಕಾಯಿಲೆಯ ಒಬ್ಬ ಅಜ್ಜಿಯಂತೂ ಹಬ್ಬದಲ್ಲಿ ಮೋದಕ ತಿಂದರೂ ನಂಬರ್ ಏರಲಿಲ್ಲವೆಂದು ದಿನವೂ ತಿಂದರಂತೆ. ನಿಜ ನಂಬರ್ ಬಂದ ಮೇಲೆ ನಮಗೆ ಹಾಕಿದ ಶಾಪ ಇನ್ನೂ ಮುಗಿದಿಲ್ಲ. ಆಫೀಸಿನಲ್ಲಿ ಎಲ್ಲ ಶಾಖೆಗಳೂ ಈಗ ಹೊಸ ಆವೃತ್ತಿಯಲ್ಲಿವೆ. ಆ ಒಂದು ಸಾಲನ್ನು ಹಾಕೋಣ ಎಂದು ಈಗ ಯಾರೂ ಬಾಯಿಬಿಡುವುದಿಲ್ಲ.

ಮನೆಗೆ ಬಂದ ಮೇಲೆ ಅಪ್ಪನಿಗೆ ಡಿಪೋದ ಒಂದು ಪದ್ಧತಿಯನ್ನು ನೆನಪಿಸಿದೆ. ಚಿಕ್ಕವಳಿದ್ದಾಗ ಅವರೇ ಹೇಳಿದ್ದು. ಅಲ್ಲಿ ದಿನಾ ಮುಂಜಾನೆ ಪ್ರತಿ ಗೋದಾಮಿನಿಂದ ವರದಿ ಹೋಗಬೇಕು. ಏನೂ ನಡೆದಿಲ್ಲದಿದ್ದರೆ, ಏನೂ ನಡೆದಿಲ್ಲ ಎಂದೇ ಹೇಳಿ ಕಳಿಸಬೇಕು. ಅದಕ್ಕೆ ನಿಲ್ ರಿಪೋರ್ಟ್ ಎನ್ನುತ್ತಿದ್ದರು. ವರದಿ ಬರದಿದ್ದರೆ ಎಲ್ಲ ಸರಿಯಿದೆ ಎಂದು ಯಾರೂ ತಿಳಿಯುತ್ತಿರಲಿಲ್ಲ, ಸಾಹೇಬರ ಜೀಪು ಬರುತ್ತಿತ್ತು.

"ಇನ್ನ ಮ್ಯಾಲ ಮನ್ಯಾಗೂ ಹಂಗ," ಎಂದೆ. "ನೀವು ಸುಮ್ನಿದ್ರ ನಾ ಹೂಂ ಅಂತ ತಿಳಕೊಳ್ಳೂದಿಲ್ಲ."

"ನೀ ಸಾಹೇಬ್ರಿಗಿಂತ ಜೋರಾದಿ," ಎಂದರು. ಆದರೂ ಮರುದಿನದಿಂದ ಬಚ್ಚಲಿಂದ ಬಂದವರೇ ತೋಳು ಮಡಚಿ ಎರಡೂ ಕೈ ಚಾಚಿ, "ನಿಲ್ ರಿಪೋರ್ಟ್," ಎಂದು ನಡುಮನೆಯಿಂದ ಕೂಗತೊಡಗಿದರು. ನಾನು ನಂಬದೆ ಅಡುಗೆಮನೆಯಿಂದ ಬಂದು ತೋಳು ತಿರುಗಿಸಿ ನೋಡುತ್ತಿದ್ದೆ. ಅವ್ವನಿಗೆ ಇಬ್ಬರಿಗೂ ಹುಚ್ಚು ಹಿಡಿದಿದೆ ಅನ್ನಿಸಿತ್ತು.

ಮೊನ್ನೆ ಒಂದು ಬೆಳಿಗ್ಗೆ ಕೂಗು ಬರಲಿಲ್ಲ. ನಾನು ಆಫೀಸಿಗೆ ಡಬ್ಬಿ ಕಟ್ಟುತ್ತಿದ್ದೆ. ಬಚ್ಚಲಿನ ನೀರು ನಿಂತು ಆಗಲೇ ಹೊತ್ತಾಗಿತ್ತು. ಚಪಾತಿ ಕೈಯಲ್ಲೇ ಹಿಡಿದು ಅವರ ಕೋಣೆಗೆ ಓಡಿದೆ. ಅಪ್ಪ ಮಂಚದ ಅಂಚಿಗೆ ಕೂತು ಒಂದು ತೋಳನ್ನಷ್ಟೇ ಮಡಚಿಕೊಂಡು ಬಾಗಿಲ ಕಡೆಯೇ ನೋಡುತ್ತಿದ್ದರು. ಮೊಣಕೈ ಹತ್ತಿರ ರೂಪಾಯಿ ಅಗಲದ ನೀಲಿ ಕಲೆ.

"ಬಾರವಾ," ಎಂದರು. "ಹೆಂಗ ಆತು ಗೊತ್ತಿಲ್ಲ. ನಾ ಎಲ್ಲೂ ಬಡಸ್ಕೊಂಡಿಲ್ಲ."

ಹೆದರಿಕೆಯಾದರೂ ನನಗೆ ಆ ಗಳಿಗೆಯಲ್ಲಿ ಆದದ್ದು ಸಂತೋಷ. ಬಸ್ಸಿನ ಕಂಬಿ ಅನ್ನಲಿಲ್ಲ ಅವರು. ಅವರ ತೋಳು ಹಿಡಿದುಕೊಂಡು ಪಕ್ಕದಲ್ಲಿ ಕೂತೆ, ಇನ್ನೊಂದು ಕೈಯಿಂದ ಲ್ಯಾಬಿಗೆ ಫೋನ್ ಹಚ್ಚಿದೆ.